ಸ್ಟುಟ್‌ಗಾರ್ಟ್‌ಗೆ ಬಂದ ಪ್ರಾಜೆಕ್ಟ್ ಮ್ಯಾನೇಜರ್‌ಗೆ: ಮೊದಲು ಜರ್ಮನ್, ಆಮೇಲೆ ಪಿಎಂಪಿ

ಬೆಂಗಳೂರಲ್ಲಿ ಆಟೋಮೋಟಿವ್ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿ, ಈಗ ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿ ಮೇಲೆ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿದ್ದೀರಿ. ಮುಂದೆ ಬೆಳೆಯಬೇಕಾದರೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸರ್ಟಿಫಿಕೇಟ್) ಮಾಡಲಾ, ಎಂಬಿಎ ಮಾಡಲಾ, ಇಲ್ಲ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆ ಹೋಗಲಾ ಅಂತ ಕೇಳಿದ್ದೀರಿ. ಈ ಮೂರನ್ನೂ ಸ್ವಲ್ಪ ಬದಿಗಿಡಿ. ಮೊದಲು ಜರ್ಮನ್ ಕಲಿಯಿರಿ, ಬಿ2 ತನಕ, ಅಂದರೆ ಕೆಲಸದ ವಿಷಯವನ್ನೂ ಸರಾಗವಾಗಿ ಮಾತಾಡುವ ಮಟ್ಟದ ತನಕ.

ಆಫೀಸಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಲ್ಲ ಅನ್ನಬಹುದು. ಬರುತ್ತೆ, ನಿಜ. ಆದರೆ ನಮ್ಮ ಕೆಲಸ ಮೀಟಿಂಗಿನಲ್ಲೇ ಮುಗಿಯಲ್ಲ ಅಲ್ವಾ? ಟೀಮಿಗೆ ಒಂದು ಹೊಸ ಟೂಲ್ ತರಬೇಕು, ಯಾರು ಎಷ್ಟು ಟಿಕೆಟ್, ಅಂದರೆ ಒಪ್ಪಿಸಿದ ಕೆಲಸ, ಮುಗಿಸಿದರು ಅಂತ ತೋರಿಸುವ ಡ್ಯಾಶ್‌ಬೋರ್ಡ್ ಅದರಲ್ಲಿದೆ ಅಂದುಕೊಳ್ಳಿ. ಬೆಂಗಳೂರಲ್ಲಿ ಲೈಸೆನ್ಸ್ ತಗೊಂಡು ಸೋಮವಾರದಿಂದಲೇ ಶುರು ಮಾಡಿಬಿಡುತ್ತೇವೆ. ಇಲ್ಲಿ ಬೆಟ್ರೀಬ್ಸ್‌ರಾಟ್ ಇರುವ ಕಂಪನಿಯಲ್ಲಿ, ಅಂದರೆ ನೌಕರರೇ ಆರಿಸಿದ ಮಂಡಳಿ ಇರುವ ಕಡೆ, ಕೆಲಸಗಾರರ ಮೇಲೆ ಕಣ್ಣಿಡಲು ಬಳಸಬಹುದಾದ ಯಾವುದೇ ಸಾಫ್ಟ್‌ವೇರಿಗೆ ಆ ಮಂಡಳಿ ಒಪ್ಪಲೇಬೇಕು, ಅದು ಕಾನೂನು. ಯಾವ ಡೇಟಾ ಯಾರಿಗೆ ಕಾಣಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಅವರ ಜೊತೆ ಕೂತು ಒಂದೊಂದೇ ಸಾಲು ಬರೆಯಬೇಕು. ಕೆಲವು ಸಲ ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ. ಮಾತೆಲ್ಲ ಹೆಚ್ಚಾಗಿ ಜರ್ಮನ್‌ನಲ್ಲೇ. ಅಲ್ಲಿ ಕೂತು ಮಾತಾಡಬಲ್ಲವರ ಕೈಗೆ ದೊಡ್ಡ ಪ್ರಾಜೆಕ್ಟ್ ಬರುತ್ತೆ, ಉಳಿದವರು ಭಾರತದ ಟೀಮ್ ನೋಡಿಕೊಳ್ಳುವವರಾಗಿಯೇ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ಎಷ್ಟೋ ಒಳ್ಳೆ ಕೆಲಸಗಾರರು ಹೀಗೆ ನಿಂತುಹೋಗಿದ್ದನ್ನು ನೋಡಿ ಸಂಕಟವಾಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರೋಟೆಬ್ಯೂಲ್‌ಪ್ಲಾಟ್ಸ್‌ನ ಫೋಕ್ಸ್‌ಹೋಕ್‌ಶೂಲೆಯಲ್ಲಿ, ಅಂದರೆ ದೊಡ್ಡವರು ಕಲಿಯುವ ಶಿಕ್ಷಣ ಕೇಂದ್ರದಲ್ಲಿ, ಸಂಜೆ ಕ್ಲಾಸ್ ನಡೆಯುತ್ತೆ, ಖರ್ಚೂ ಜಾಸ್ತಿ ಇಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಆದಮೇಲೆ ವರ್ಷಕ್ಕೆ 5 ದಿನ ಬಿಲ್ಡುಂಗ್ಸ್‌ಟ್ಸೈಟ್ ಸಿಗುತ್ತೆ, ಕಲಿಯಲಿಕ್ಕೆ ಅಂತಲೇ ಸಂಬಳದ ರಜೆ. ಸುಮ್ನೆ ಬಿಡಬೇಡಿ. ಇನ್ನೊಂದು ಲಾಭವೂ ಇದೆ. ಬ್ಲೂ ಕಾರ್ಡಿನವರಿಗೆ ಉಳಿದ ಷರತ್ತೆಲ್ಲ ಸರಿಯಿದ್ದರೆ 27 ತಿಂಗಳಿಗೆ ಸಿಗುವ ಕಾಯಂ ವಾಸದ ಪರವಾನಗಿ, ಜರ್ಮನ್‌ನಲ್ಲಿ ಬಿ1 (ಬಿ2ಗಿಂತ ಒಂದು ಮೆಟ್ಟಿಲು ಕೆಳಗಿನ ಮಟ್ಟ) ಇದ್ದರೆ 21 ತಿಂಗಳಿಗೇ ಸಿಗುತ್ತೆ.

ಪಿಎಂಪಿ ಬೇಡ ಅನ್ನುತ್ತಿಲ್ಲ. ಈಗಾಗಲೇ ಇದ್ದರೆ 3 ವರ್ಷಕ್ಕೆ 60 ಪಿಡಿಯು, ಅಂದರೆ ಕಲಿಕೆಗೆ ಸಿಗುವ ಅಂಕ, ತುಂಬಿಸಿ ಉಳಿಸಿಕೊಳ್ಳಿ. ಇಲ್ಲಿ ಐಪಿಎಂಎ ಅನ್ನುವ ಇನ್ನೊಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿಗೂ ಬೆಲೆ ಇದೆ. ಡಿ ಇಂದ ಎ ತನಕ ನಾಲ್ಕು ಹಂತ, ಅನುಭವ ಇರುವವರು ನೇರವಾಗಿ ಸಿ ಅಥವಾ ಬಿಗೆ ಹೋಗಬಹುದು. ಎಂಬಿಎಗೆ ಈಗಲೇ ದುಡ್ಡು ಸುರಿಯಬೇಡಿ.

ನನ್ನ ಕೇಳಿದರೆ ನಿಮಗೆ ಹೆಚ್ಚು ಹೊಂದುವ ದಾರಿ ಆಟೋಮೋಟಿವ್ ಸ್ಪೈಸ್, ಅಂದರೆ ಕಾರಿನ ಸಾಫ್ಟ್‌ವೇರ್ ಮಾಡುವ ರೀತಿ ಸರಿಯಿದೆಯಾ ಅಂತ ಅಳೆಯುವ ಮಾನದಂಡ. ಅದರಲ್ಲಿ ಎಂಎಎನ್.3 ಅನ್ನುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರಕ್ರಿಯೆಯನ್ನು ನೀವು ಬೆಂಗಳೂರಲ್ಲೇ ಅರೆದು ಕುಡಿದಿರುತ್ತೀರಿ. ಅಸೆಸರ್, ಅಂದರೆ ಆ ಮಾನದಂಡದಂತೆ ಪರೀಕ್ಷಿಸುವವರ, ತರಬೇತಿ ತಗೊಂಡರೆ ಕ್ವಾಲಿಟಿ, ಕನ್ಸಲ್ಟಿಂಗ್ ಎರಡೂ ಬಾಗಿಲು ತೆರೆಯುತ್ತೆ, ಕಾರು ಕಂಪನಿಗೂ ಬೇಕು, ಬಿಡಿಭಾಗ ಕೊಡುವವರಿಗೂ ಬೇಕು. ಟೀಮ್‌ಲೈಟರ್, ಅಂದರೆ ಟೀಮಿನ ಮುಖ್ಯಸ್ಥ, ಆಗುವ ಆಸೆ ಇದ್ದರೆ ಅದಕ್ಕೆ ಮತ್ತೆ ಜರ್ಮನ್ನೇ ಬೇಕು, ಜನರ ವರ್ಷದ ಮಾತುಕತೆ, ರಜೆ, ಜಗಳ ಎಲ್ಲ ನಿಮ್ಮ ಹತ್ತಿರವೇ ಬರುತ್ತೆ.

ಕೆಲಸ ಬದಲಿಸುವ ಯೋಚನೆ ಬಂದರೆ, ಮೊದಲ 12 ತಿಂಗಳಲ್ಲಾದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಪರವಾನಗಿ ನೋಡಿಕೊಳ್ಳುವ ಕಚೇರಿಗೆ, ತಿಳಿಸಬೇಕು. ನಿಮ್ಮ ಬಾಸ್ ಬದಲಾದರೆ, ಹಳೆಯ ಬಾಸ್ ಹೋಗುವ ಮುಂಚೆಯೇ ಟ್ಸ್‌ವಿಶನ್‌ಟ್ಸೊಯ್ಗ್‌ನಿಸ್, ಅಂದರೆ ಇದುವರೆಗಿನ ಕೆಲಸದ ಪ್ರಮಾಣಪತ್ರ, ಕೇಳಿ ತಗೊಳ್ಳಿ. ಮುಂದಿನ ಅರ್ಜಿಗೆ ಬೇಕಾಗುತ್ತೆ. ಈಗ ಜರ್ಮನ್ ಎಷ್ಟು ಬರುತ್ತೆ ಅಂತ ತಿಳಿಸಿ, ಯಾವ ಕ್ಲಾಸಿಗೆ ಸೇರಬಹುದು ಹೇಳುತ್ತೇನೆ.