ಇಬ್ಬರು ಫಿಟ್ಟರ್‌ಗಳನ್ನು ಸರದಿಯಲ್ಲಿ ಜರ್ಮನಿಗೆ ಕಳಿಸಿದರೆ ತೆರಿಗೆ ತಪ್ಪುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸ್ಪೆಷಲ್ ಪರ್ಪಸ್ ಮಷೀನ್ ಮಾಡುವ ಸಣ್ಣ ಕಾರ್ಖಾನೆ. ಮೊದಲ ಸಲ ಸ್ಟಟ್‌ಗಾರ್ಟ್ ಬಳಿಯ ಕಂಪನಿಯೊಂದಕ್ಕೆ ಮಷೀನ್ ಮಾರಿದ್ದೇವೆ. ಅಲ್ಲಿ ಜೋಡಿಸಿ ಓಡಿಸಿ ತೋರಿಸಲು ಏಳು ತಿಂಗಳು ಬೇಕು. ಇಬ್ಬರು ಫಿಟ್ಟರ್‌ಗಳನ್ನು ಒಬ್ಬರಾದ ಮೇಲೊಬ್ಬರಂತೆ ಮೂರೂವರೆ ತಿಂಗಳು ಕಳಿಸುವ ಯೋಚನೆ. 183 ದಿನ ದಾಟದಿದ್ದರೆ ಅಲ್ಲಿ ತೆರಿಗೆ ಇಲ್ಲವಂತೆ. ಸಂಬಳ, ಪಿಎಫ್ ಇಲ್ಲೇ ನಡೆಯುತ್ತದೆ. ಬಿಸಿನೆಸ್ ವೀಸಾ ಸಾಕಲ್ಲವೇ?

ಉತ್ತರ: ಸಾಲದು. ತೆರಿಗೆಯ ಲೆಕ್ಕವೂ ನೀವು ಅಂದುಕೊಂಡಂತಿಲ್ಲ. 183 ದಿನ ಎನ್ನುವುದು ನೌಕರನ ಲೆಕ್ಕ. ಸೈಟಿಗೆ ಬೇರೆಯದೇ ಲೆಕ್ಕವಿದೆ, ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಭಾರತ ಮತ್ತು ಜರ್ಮನಿ ನಡುವಿನ ದ್ವಿತೆರಿಗೆ ತಡೆ ಒಪ್ಪಂದದಲ್ಲಿ, ಜೋಡಣೆ ಕೆಲಸವಾಗಲಿ ಅದರ ಮೇಲ್ವಿಚಾರಣೆಯಾಗಲಿ ಆರು ತಿಂಗಳು ದಾಟಿದರೆ ಅಲ್ಲಿ ನಿಮ್ಮ ಕಂಪನಿಗೆ ಕಾಯಂ ನೆಲೆ, ಅಂದರೆ ತೆರಿಗೆಯ ಲೆಕ್ಕದಲ್ಲಿ ಒಂದು ಶಾಖೆಯಂಥದ್ದು, ಇದೆ ಎಂದು ಪರಿಗಣಿಸುತ್ತಾರೆ. ಫಿಟ್ಟರ್ ಬದಲಾದರೂ ಸೈಟು ಅದೇ. ಬಿಡಿಭಾಗ ಬರಲಿಲ್ಲವೆಂದು ನಡುವೆ ಎರಡು ವಾರ ಕೆಲಸ ನಿಂತರೂ ಆ ದಿನಗಳು ಲೆಕ್ಕದಲ್ಲೇ ಇರುತ್ತವೆ.

ನೆಲೆ ಇದೆ ಎಂದಾದರೆ ಜೋಡಣೆಯಿಂದ ಬಂದ ಲಾಭಕ್ಕೆ ಜರ್ಮನಿ ತೆರಿಗೆ ಕೇಳುತ್ತದೆ. ಪೆಟ್ಟು ನಿಮ್ಮ ಹುಡುಗರಿಗೂ ತಾಗುತ್ತದೆ. ಸಂಬಳದ ಖರ್ಚು ಆ ನೆಲೆಯ ಮೇಲೆ ಬೀಳಬಾರದು ಎಂಬುದು 183 ದಿನದ ವಿನಾಯಿತಿಗಿರುವ ಷರತ್ತುಗಳಲ್ಲೊಂದು. ಹಾಗಾಗಿ ನೂರೇ ದಿನ ಇದ್ದು ಬಂದವನೂ ಮೊದಲ ದಿನದಿಂದ ಅಲ್ಲಿ ತೆರಿಗೆ ಕಟ್ಟಬೇಕಾದೀತು. ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ದಾರಿಯಿದೆ ನಿಜ, ಆದರೆ ಆ ಓಡಾಟ ಒಬ್ಬ ಫಿಟ್ಟರ್ ತಲೆಗೆ ಕಟ್ಟುವಂಥದ್ದಲ್ಲ.

ಇನ್ನು ವೀಸಾ. ಬಿಸಿನೆಸ್ ವೀಸಾ ಇರುವುದು ಮಾತುಕತೆಗೆ, ಮೀಟಿಂಗಿಗೆ. ಬ್ಯಾಗಿನಲ್ಲಿ ಡಯಲ್ ಗೇಜ್, ಸೇಫ್ಟಿ ಶೂ ಇಟ್ಟುಕೊಂಡು ಇಮಿಗ್ರೇಶನ್ ಕೌಂಟರಿನಲ್ಲಿ ‘ಮೀಟಿಂಗಿಗೆ ಬಂದೆ’ ಎನ್ನುವ ಸ್ಥಿತಿಗೆ ದಯವಿಟ್ಟು ಯಾರನ್ನೂ ತರಬೇಡಿ. ನಿಮ್ಮಂಥವರಿಗೆಂದೇ ಅಲ್ಲೊಂದು ಸೌಲಭ್ಯವಿದೆ. ನಿಮ್ಮಿಂದ ಕೊಂಡ ಮಷೀನನ್ನು ಜೋಡಿಸಲು, ರಿಪೇರಿ ಮಾಡಲು, ಓಡಿಸುವುದನ್ನು ಕಲಿಸಲು 12 ತಿಂಗಳಲ್ಲಿ 90 ದಿನದವರೆಗೆ ನೌಕರನನ್ನು ಕಳಿಸುವುದಾದರೆ ಅಲ್ಲಿನ ಫೆಡರಲ್ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕಿಲ್ಲ. ಕೆಲಸ ಶುರುವಾಗುವ ಮೊದಲು ನೀವು ಆ ಸಂಸ್ಥೆಗೆ ತಿಳಿಸಬೇಕು, ವೀಸಾ ಅರ್ಜಿಯಲ್ಲೂ ಜೋಡಣೆ ಕೆಲಸ ಎಂದೇ ಬರೆಯಬೇಕು. ನಿಮ್ಮ ಮೂರೂವರೆ ತಿಂಗಳು ಇದರಲ್ಲಿ ಹಿಡಿಸುವುದಿಲ್ಲ.

ನನ್ನ ಸಲಹೆ: ಪೀಣ್ಯದಲ್ಲೇ ಆದಷ್ಟು ಜೋಡಿಸಿ, ಟ್ರಯಲ್ ಮುಗಿಸಿ ಕಳಿಸಿ, ಅಲ್ಲಿನ ಕೆಲಸವನ್ನು ಐದು ತಿಂಗಳಿಗೆ ಇಳಿಸಿ. ಇಬ್ಬರಿಗೆ ತಲಾ 75 ದಿನ ಎಂದರೆ ಎರಡೂ ಗಡಿಯೊಳಗೆ ಇರುತ್ತೀರಿ. ಆಮೇಲೆ ರಿಪೇರಿಗೆ ಅದೇ ವ್ಯಕ್ತಿ ಹೋಗಬೇಕಾದರೆ ಉಳಿದ 15 ದಿನ ಕೈಯಲ್ಲಿರುತ್ತದೆ. ಪೆಟ್ಟಿಗೆ ಬಿಚ್ಚಿದ ದಿನದಿಂದ ಮಷೀನ್ ಒಪ್ಪಿಸಿ ಸಹಿ ಪಡೆದ ದಿನದವರೆಗೆ ಸೈಟಿನಲ್ಲಿ ಒಂದು ರಿಜಿಸ್ಟರ್ ಬರೆಸಿ.

ಪಿಎಫ್ ಇಲ್ಲೇ ಮುಂದುವರಿಸಬಹುದು, ಆದರೆ ತಾನಾಗಿ ಅಲ್ಲ. ಎರಡೂ ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದದಡಿ ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ (ಇವರು ಭಾರತದ ಪಿಎಫ್ ವ್ಯಾಪ್ತಿಯಲ್ಲೇ ಇದ್ದಾರೆ ಎಂಬ ಪತ್ರ) ತೆಗೆದುಕೊಳ್ಳಿ, ಅದೂ ವಿಮಾನ ಹತ್ತುವ ಮೊದಲು. 48 ತಿಂಗಳವರೆಗಿನ ನಿಯೋಜನೆಗೆ ಅದು ಸಿಗುತ್ತದೆ. ಇಲ್ಲದಿದ್ದರೆ ಸಂಬಳದ 18.6% ಜರ್ಮನ್ ಪಿಂಚಣಿ ವಿಮೆಗೆ ಕಟ್ಟಿ ಎಂಬ ಬೇಡಿಕೆ ಬರಬಹುದು.

ಸಂಬಳ ಪೀಣ್ಯದ ಖಾತೆಗೇ ಹಾಕಿ, ತಪ್ಪಿಲ್ಲ. ಆದರೆ ಅಲ್ಲಿ ದುಡಿದ ಗಂಟೆಗೆ ಅಲ್ಲಿನ ಕನಿಷ್ಠ ವೇತನ ಕೊಡಲೇಬೇಕು. 2026ರ ಜನವರಿ 1ರಿಂದ ಅದು ಗಂಟೆಗೆ 13.90 ಯೂರೊ. ರೂಮು, ಊಟ, ಟಿಕೆಟ್ಟಿಗೆ ಕೊಟ್ಟದ್ದನ್ನು ಅದರಲ್ಲಿ ಸೇರಿಸುವಂತಿಲ್ಲ. ದಿನಕ್ಕೆ 10 ಗಂಟೆ ಮೀರಿ ದುಡಿಸುವಂತೆಯೂ ಇಲ್ಲ. ಕಮಿಷನಿಂಗ್, ಅಂದರೆ ಮಷೀನ್ ಓಡಿಸಿ ತೋರಿಸುವ ಹೊತ್ತಿಗೆ ರಾತ್ರಿಯೆಲ್ಲ ನಿಲ್ಲುವುದು ನಮ್ಮಲ್ಲಿ ರೂಢಿ, ಅದನ್ನು ಇಲ್ಲೇ ಬಿಟ್ಟು ಹೋಗಲಿ.

ಕೊನೆಯದಾಗಿ, ವೀಸಾಗೆಂದು ಮಾಡಿಸುವ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯನ್ನು ಪೂರ್ತಿ ಓದಿ. ಎಷ್ಟೋ ಪಾಲಿಸಿಗಳು ಕೈಕೆಲಸ ಮಾಡುವಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ. ನಿಮ್ಮ ಫಿಟ್ಟರ್‌ಗಳಿಗೆ ಆ ಗಾಯಕ್ಕೇ ವಿಮೆ ಬೇಕಿರುವುದು.