ಸಣ್ಣ ಊರಿನಲ್ಲಿ ಸೌಹಾರ್ದ ಜಾಥಾ ಮಾಡಬೇಕೆಂದಿದ್ದೇವೆ, ಭಾಷಣಕ್ಕೆ ಯಾರನ್ನು ಕರೆಸೋಣ?

ಯಾರನ್ನೂ ಕರೆಸಬೇಡಿ. ಜಾಥಾ ಕೂಡ ಬೇಡ.

2023ರಲ್ಲಿ ಗಣಪತಿ ವಿಸರ್ಜನೆಯ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಿದ್ದವು. ಮಿಲಾದ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದಲ್ವಾ, ಹಾಗಾಗಿ ಇಂಥ ವರ್ಷಗಳು ಬರುತ್ತವೆ. ನಮ್ಮೂರಿಗೆ ಇರುವುದು ಒಂದೇ ಪೇಟೆ ಬೀದಿ. ಮಸೀದಿಯೂ ಅಲ್ಲೇ. ಭಯಕ್ಕೆ ನಾವು ಕೆಲವು ಮೇಷ್ಟ್ರು, ವಕೀಲರು, ಅಂಗಡಿಯವರು ಸೇರಿ ಜಾಥಾ ಮಾಡಿದೆವು. ಸ್ವಾಮೀಜಿ, ಮೌಲವಿ, ಫಾದರ್ ಮೂವರೂ ಕೈ ಹಿಡಿದು ವೇದಿಕೆ ಮೇಲೆ ನಿಂತರು. ನಮಗೆ ನಿಜವಾಗಿ ಧೈರ್ಯ ಬಂದಿತ್ತು.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಗಣಪತಿ ಕೂರಿಸುವ ಹುಡುಗರನ್ನು ನಾವು ಕರೆಯಲೇ ಇಲ್ಲ. ಮಿಲಾದ್‌ಗೆ ಬಾವುಟ ಕಟ್ಟುವ ಹುಡುಗರನ್ನೂ ಕರೆಯಲಿಲ್ಲ. ಹಿರಿಯರು ಹೇಳಿದರೆ ಕೇಳುತ್ತಾರೆ ಅಂದುಕೊಂಡೆವು. ಆದರೆ ಮೆರವಣಿಗೆ ಎಲ್ಲಿ ನಿಲ್ಲಬೇಕು, ಡಿಜೆ ಯಾವಾಗ ಬಂದ್ ಆಗಬೇಕು ಅನ್ನೋದು ಹಿರಿಯರ ಕೈಯಲ್ಲಿ ಇರುವುದಿಲ್ಲ. ಟ್ರ್ಯಾಕ್ಟರ್ ಮುಂದೆ ಕುಣಿಯುವ ಹುಡುಗನ ಕೈಯಲ್ಲಿರುತ್ತದೆ. ಪೊಲೀಸರು ಕರೆಯುವ ಶಾಂತಿ ಸಭೆಯಲ್ಲೂ ನಾನು ನೋಡಿದ್ದು ಇದನ್ನೇ. ಪ್ರತಿ ಸಲ ಅದೇ ಮುಖಂಡರು. ಹುಡುಗರು ಹೊರಗೆ.

ವಿಸರ್ಜನೆ ರಾತ್ರಿ ಮಸೀದಿ ಮುಂದೆ ಡಿಜೆ ನಿಂತಿತು. ಕಲ್ಲು ಬಿತ್ತು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ಬಿದ್ದಿದ್ದು ಸಿಡಿದ ಪಟಾಕಿಯ ಚೂರು. ಅದನ್ನು ಹೇಳೋಣವೆಂದರೆ ಆ ಹುಡುಗರಲ್ಲಿ ಒಬ್ಬನ ಫೋನ್ ನಂಬರ್ ಕೂಡ ನಮ್ಮ ಹತ್ತಿರ ಇರಲಿಲ್ಲ! ಜಾಥಾದಲ್ಲಿ ನಮ್ಮ ಜೊತೆ ನಡೆದಿದ್ದ ಗೆಳೆಯನ ಬಳೆ ಅಂಗಡಿ ಒಡೆದುಹೋಯಿತು. ಅವನು ಸಂಸಾರ ಕಟ್ಟಿಕೊಂಡು ಊರು ಬಿಟ್ಟ. ಇವತ್ತಿಗೂ ವಾಪಸ್ ಬಂದಿಲ್ಲ.

ಮುಂದಿನ ವರ್ಷ ವೇದಿಕೆ ಬಿಟ್ಟು ಎರಡೂ ಕಡೆಯ ಹುಡುಗರನ್ನು ಹೋಟೆಲಿನಲ್ಲಿ ಕೂರಿಸಿದೆವು. ಸೌಹಾರ್ದದ ಮಾತೇ ಎತ್ತಲಿಲ್ಲ. ರಾತ್ರಿ ನಮಾಜ್ ಎಷ್ಟು ಹೊತ್ತಿಗೆ, ಗಣಪತಿ ಪೇಟೆ ಬೀದಿ ದಾಟುವುದು ಎಷ್ಟು ಹೊತ್ತಿಗೆ, ಇಷ್ಟೇ ಮಾತು. ಎಲ್ಲರ ನಂಬರ್ ಎಲ್ಲರಿಗೂ ಸಿಕ್ಕಿತು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ಮೆರವಣಿಗೆ ವೇಳೆ ಗಲಭೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಆ ವಿಡಿಯೊಗಳು ನಮ್ಮೂರಿನ ಗುಂಪುಗಳಿಗೂ ಬಂದವು. ಹುಡುಗರೇ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ನಮ್ಮಲ್ಲಿ ಏನೂ ಆಗಲಿಲ್ಲ.

ಹಾಗಾಗಿ ಭಾಷಣಕಾರರ ಹುಡುಕಾಟ ಬಿಡಿ. ಮೆರವಣಿಗೆ ದಾರಿಗೆ ಪರ್ಮಿಷನ್ ಅರ್ಜಿ ಹಾಕುವ ಮುಂಚೆಯೇ ಆ ಹುಡುಗರನ್ನು ಹುಡುಕಿ. ಡಿಜೆ ಬಾಡಿಗೆಗೆ ಕೊಡುವವನನ್ನೂ ಕರೆಯಿರಿ, ಅವನಿಲ್ಲದೆ ಟೈಮಿನ ಮಾತು ನಿಲ್ಲುವುದಿಲ್ಲ.