ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಡಿಟಿಡಿ ಓದಿಸುವ ಬಗೆ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಾವು ಒಂದು ಸಣ್ಣ ಗ್ರಂಥಾಲಯ ನಡೆಸುತ್ತೇವೆ. ಜಿಲ್ಲೆಯ ಇತಿಹಾಸ ಮತ್ತು ನೇಕಾರಿಕೆಯ ಕುರಿತಾದ ಹಳೆಯ ಲೇಖನಗಳನ್ನು ಎಕ್ಸ್‌ಎಚ್‌ಟಿಎಂಎಲ್ 1.0 ಸ್ಟ್ರಿಕ್ಟ್ (ವೆಬ್ ಪುಟಗಳ ಒಂದು ಕಟ್ಟುನಿಟ್ಟಾದ ರೂಪ) ಫೈಲುಗಳಾಗಿ ಇರಿಸಿದ್ದೇವೆ. ಸುರಕ್ಷತೆಗಾಗಿ ಆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕವನ್ನು ತೆಗೆದ ಮೇಲೆ, ವಿಷಯಸೂಚಿ ತಯಾರಿಸುವ ಜಾವಾ ಪ್ರೋಗ್ರಾಂ ಮೊದಲ ಫೈಲಿನಲ್ಲೇ ‘ಹೋಸ್ಟ್ ಸಿಗಲಿಲ್ಲ’ ಎಂಬ ದೋಷ ತೋರಿಸಿ ನಿಲ್ಲುತ್ತದೆ. ಸಂಪರ್ಕವಿದ್ದಾಗಲೂ ಅದು ಬಹಳ ನಿಧಾನವಾಗಿತ್ತು. ಡಿಟಿಡಿ (ದಾಖಲೆಯ ರಚನೆಯ ನಿಯಮಗಳನ್ನು ಹೇಳುವ ಫೈಲು) ಓದುವುದನ್ನೇ ನಿಲ್ಲಿಸಿಬಿಟ್ಟರೆ ಆಗುವುದಿಲ್ಲವೇ?
– ಓದುಗರು, ಬಾಗಲಕೋಟೆ

ಉತ್ತರ: ನಿಲ್ಲಿಸಬಹುದು, ಆದರೆ ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಪ್ರತಿಯೊಂದು ಫೈಲಿನ ಆರಂಭದಲ್ಲಿರುವ ಡಾಕ್‌ಟೈಪ್ ಸಾಲಿನಲ್ಲಿ ಎರಡು ಗುರುತುಗಳಿವೆ: ಒಂದು ಆ ಡಿಟಿಡಿಯ ಪಬ್ಲಿಕ್ ಹೆಸರು, ಇನ್ನೊಂದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ತಾಣದಲ್ಲಿರುವ ಅದರ ವಿಳಾಸ, ಅಂದರೆ ಸಿಸ್ಟಂ ಗುರುತು. ದಾಖಲೆಯ ರಚನೆಯನ್ನು ಪರಿಶೀಲಿಸುವಂತೆ ಕೇಳದಿದ್ದರೂ ಜಾವಾದ ಪಾರ್ಸರ್ (ಫೈಲನ್ನು ಓದಿ ಬಿಡಿಸುವ ಭಾಗ) ಆ ವಿಳಾಸದಿಂದ ಡಿಟಿಡಿಯನ್ನು ತರಲು ಹೋಗುತ್ತದೆ. ಹೀಗೆ ಜಗತ್ತಿನ ಎಲ್ಲೆಡೆಯ ಪ್ರೋಗ್ರಾಂಗಳು ಎಂದೂ ಬದಲಾಗದ ಅದೇ ಫೈಲುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದುದರಿಂದ ದಿನಕ್ಕೆ 13 ಕೋಟಿಯವರೆಗೆ ಕೋರಿಕೆಗಳು ಬರುತ್ತಿವೆ ಎಂದು ಡಬ್ಲ್ಯು3ಸಿ 2008ರಲ್ಲೇ ಹೇಳಿಕೊಂಡಿತ್ತು. ನೀವು ಕಂಡ ನಿಧಾನಕ್ಕೂ ಪ್ರತಿ ಫೈಲಿಗೊಮ್ಮೆ ನಡೆಯುತ್ತಿದ್ದ ಈ ಓಡಾಟವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಡಿಟಿಡಿಯನ್ನು ಬಿಟ್ಟುಬಿಟ್ಟರೆ ಆಗುವ ನಷ್ಟ ಕನ್ನಡದ ಪಠ್ಯಕ್ಕೆ ವಿಶೇಷವಾಗಿ ತಟ್ಟುತ್ತದೆ. ಎಕ್ಸ್‌ಎಚ್‌ಟಿಎಂಎಲ್‌ಗೆ ಆಧಾರವಾದ ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು (ಅಕ್ಷರದ ಬದಲು ಬರೆಯುವ ಸಂಕೇತ ಹೆಸರುಗಳು) ಐದೇ. ಎನ್‌ಬಿಎಸ್‌ಪಿ, ಎಂಡ್ಯಾಶ್ ಮುಂತಾದ ಉಳಿದವೆಲ್ಲ ಡಿಟಿಡಿಯ ಮೂಲಕವೇ ಬರಬೇಕು. ಅಕ್ಷರಗಳು ಒತ್ತಾಗದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಕೂಡ ಅಲ್ಲಿಯೇ ಇದೆ. ಹಳೆಯ ಫೈಲುಗಳಲ್ಲಿ ಅದನ್ನು ಎಂಟಿಟಿಯಾಗಿ ಬರೆದಿದ್ದರೆ, ಹೊರಗಿನ ಡಿಟಿಡಿಯನ್ನು ಓದಬೇಡ ಎಂದು ಹೇಳಿದ ಪಾರ್ಸರ್ ಅದನ್ನು ಸದ್ದಿಲ್ಲದೆ ಕೈಬಿಡುತ್ತದೆ. ಆಗ ‘ಇಳಕಲ್‌ನಲ್ಲಿ’ ಎಂದು ಇರಬೇಕಾದುದು ‘ಇಳಕಲ್ನಲ್ಲಿ’ ಎಂದಾಗುತ್ತದೆ, ಯಾವ ದೋಷಸೂಚನೆಯೂ ಕಾಣಿಸುವುದಿಲ್ಲ. ಸೂಚಿಯಲ್ಲಿ ಹುಡುಕಿದವರಿಗೆ ಆ ಲೇಖನ ಸಿಗದೇ ಹೋದಾಗ ಕಾರಣವನ್ನು ಯಾರೂ ಇಲ್ಲಿ ಹುಡುಕಲಾರರು. ಪ್ರೋಗ್ರಾಂ ಗದ್ದಲ ಮಾಡಿ ನಿಲ್ಲುವುದು ಇದಕ್ಕಿಂತ ಎಷ್ಟೋ ವಾಸಿ.

ಸರಿಯಾದ ದಾರಿಯೆಂದರೆ ಡಿಟಿಡಿಯ ಪ್ರತಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ಆ ವಿಳಾಸವನ್ನು ಕೇಳಿದಾಗಲೆಲ್ಲ ಈ ಪ್ರತಿಯನ್ನು ಕೊಡುವಂತೆ ಒಂದು ಕ್ಯಾಟಲಾಗ್ ಬರೆಯುವುದು. ಸಂಪರ್ಕವಿರುವ ಬೇರೆ ಕಂಪ್ಯೂಟರಿನಿಂದ ಮುಖ್ಯ ಡಿಟಿಡಿಯೊಂದನ್ನೇ ತಂದರೆ ಸಾಲದು, ಏಕೆಂದರೆ ಅದು ಲ್ಯಾಟಿನ್ ಅಕ್ಷರಗಳು, ಚಿಹ್ನೆಗಳು, ವಿಶೇಷ ಅಕ್ಷರಗಳು ಎಂಬ ಮೂರು ಎಂಟಿಟಿ ಫೈಲುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಮತ್ತು ಝಡ್‌ಡಬ್ಲ್ಯುಎನ್‌ಜೆ ಇರುವುದು ಈ ಮೂರನೆಯದರಲ್ಲಿ. ನಾಲ್ಕನ್ನೂ ಹೆಸರು ಬದಲಿಸದೆ ಒಂದೇ ಫೋಲ್ಡರಿನಲ್ಲಿ ಇಡಿ. ಓಯಾಸಿಸ್ ಸಂಸ್ಥೆ ರೂಪಿಸಿದ ಎಕ್ಸ್‌ಎಂಎಲ್ ಕ್ಯಾಟಲಾಗ್ ಮಾದರಿಯಲ್ಲಿ ‘ರೀರೈಟ್‌ಸಿಸ್ಟಂ’ ಎಂಬ ಅಂಶವಿದೆ. ವಿಳಾಸದ ಆರಂಭದ ಭಾಗಕ್ಕೆ ಬದಲಾಗಿ ನಿಮ್ಮ ಫೋಲ್ಡರನ್ನು ಸೂಚಿಸುವ ಒಂದೇ ಸಾಲು ನಾಲ್ಕಕ್ಕೂ ಸಾಕಾಗುತ್ತದೆ. ಹೋಲಿಕೆ ಅಕ್ಷರಶಃ ನಡೆಯುವುದರಿಂದ ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡಕ್ಕೂ ಬೇರೆ ಬೇರೆ ಸಾಲು ಬರೆದಿಡಿ.

ಜಾವಾ 9 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಕ್ಯಾಟಲಾಗ್ ಓದುವ ಸೌಲಭ್ಯ ಒಳಗೇ ಇದೆ. ‘ಜಾವಾಎಕ್ಸ್.ಎಕ್ಸ್‌ಎಂಎಲ್.ಕ್ಯಾಟಲಾಗ್.ಫೈಲ್ಸ್’ ಎಂಬ ಪ್ರಾಪರ್ಟಿಗೆ ಕ್ಯಾಟಲಾಗಿನ ಜಾಗವನ್ನು ಕೊಟ್ಟರಾಯಿತು. ಅದನ್ನು ಬರಿಯ ಪಾತ್ ಆಗಿ ಕೊಡದೆ ‘ಫೈಲ್’ ಎಂದು ಆರಂಭವಾಗುವ ಪೂರ್ಣ ಯುಆರ್‌ಐ ಆಗಿ ಕೊಡಬೇಕು. ಕ್ಯಾಟಲಾಗಿನಲ್ಲಿ ಇಲ್ಲದ ವಿಳಾಸ ಎದುರಾದರೆ ಪೂರ್ವನಿಯೋಜಿತ ಕ್ರಮದಂತೆ ಜಾವಾ ದೋಷ ತೋರಿಸಿ ನಿಲ್ಲುತ್ತದೆ, ಅದನ್ನು ಹಾಗೆಯೇ ಬಿಡಿ. ಜಾವಾ 8ರಲ್ಲಿ ಇದ್ದರೆ ಎಂಟಿಟಿ ರಿಸಾಲ್ವರ್ ಒಂದನ್ನು ಬರೆದು ಇದೇ ಕೆಲಸ ಮಾಡಿಸಬಹುದು.

ಪ್ರೋಗ್ರಾಂ ಮುಟ್ಟುವ ಮೊದಲು ಎಕ್ಸ್‌ಎಂಎಲ್‌ಲಿಂಟ್ ಸಾಧನವನ್ನು ‘ನೋನೆಟ್’ (ಇಂಟರ್ನೆಟ್ ಬಳಸಬೇಡ) ಮತ್ತು ‘ವ್ಯಾಲಿಡ್’ (ಡಿಟಿಡಿಗೆ ಹೊಂದುತ್ತದೆಯೇ ನೋಡು) ಆಯ್ಕೆಗಳೊಂದಿಗೆ ಎಲ್ಲ ಫೈಲುಗಳ ಮೇಲೂ ಒಮ್ಮೆ ನಡೆಸಿ. ಕ್ಯಾಟಲಾಗ್ ಎಲ್ಲಿದೆ ಎಂಬುದನ್ನು ಅದಕ್ಕೆ ‘ಎಕ್ಸ್‌ಎಂಎಲ್_ಕ್ಯಾಟಲಾಗ್_ಫೈಲ್ಸ್’ ಎಂಬ ಪರಿಸರ ಚರದ ಮೂಲಕ ತಿಳಿಸಬೇಕು. ಹಲವರು ಹಲವು ಕಾಲದಲ್ಲಿ ಸಿದ್ಧಪಡಿಸಿದ ಸಂಗ್ರಹದಲ್ಲಿ ಸ್ಟ್ರಿಕ್ಟ್ ಜೊತೆಗೆ ಟ್ರಾನ್ಸಿಷನಲ್ ಫೈಲುಗಳೂ ಸೇರಿಕೊಂಡಿರಬಹುದು, ಅವುಗಳ ಡಿಟಿಡಿ ಬೇರೆ. ಅಂಥವು ಸಿಕ್ಕರೆ ಆ ಡಿಟಿಡಿಯನ್ನೂ ತಂದು ಅದೇ ಫೋಲ್ಡರಿನಲ್ಲಿ ಇಟ್ಟರೆ ಸಾಕು, ಕ್ಯಾಟಲಾಗ್ ತಿದ್ದುವ ಅಗತ್ಯವಿಲ್ಲ.